ನಾಲ್ಕು ಹೊಡೆತ ಹಿಂದಿದ್ದವನ ಭಾನುವಾರ

ಬುಧವಾರ, ಜುಲೈ 13, 2022. ಕಾರ್ನುಸ್ಟಿ

ಡಂಡಿಯಿಂದ ಕಾರ್ನುಸ್ಟಿಗೆ ಹೋಗುವ ರೈಲು ಟೇ ನದಿಯ ಅಳಿವೆಯನ್ನು ಬಲಕ್ಕೆ ಇಟ್ಟುಕೊಂಡು ಪೂರ್ವಕ್ಕೆ ಓಡುತ್ತದೆ. ನದಿಯ ಆಚೆ ದಡದಲ್ಲಿ ಕಾಣುವ ತಗ್ಗು ಬೆಟ್ಟಗಳ ಹಿಂದೆ ಸೇಂಟ್ ಆಂಡ್ರೂಸ್ ಇದೆ. ಅಲ್ಲಿ ಮರುದಿನ ಬೆಳಿಗ್ಗೆ 150ನೆಯ ಓಪನ್ ಗಾಲ್ಫ್ ಚಾಂಪಿಯನ್‌ಷಿಪ್ ಶುರುವಾಗುವುದಿತ್ತು. ಡಂಡಿಯಲ್ಲಿ ವೈದ್ಯರಾಗಿರುವ ಭಾವ ಲಾಟರಿಯಲ್ಲಿ ಅರ್ಜಿ ಹಾಕಿ ನನಗೆ ಟಿಕೆಟ್ ಗಿಟ್ಟಿಸಿದ್ದರು. ಆದರೆ ಅದಕ್ಕೂ ಮೊದಲು ನಾನು ಕಾರ್ನುಸ್ಟಿಯನ್ನು ನೋಡಲೇಬೇಕಿತ್ತು. ಹದಿಹರೆಯದಲ್ಲಿ ಬೆಂಗಳೂರಿನ ಹೈಗ್ರೌಂಡ್ಸ್‌ನ ಗಾಲ್ಫ್ ಮೈದಾನದಲ್ಲಿ ಸಾಹೇಬರ ಬ್ಯಾಗು ಹೊರುತ್ತಿದ್ದಾಗ, ಮಳೆ ಬಂದು ಆಟ ನಿಂತರೆ ನಾವು ಕ್ಯಾಡಿಗಳೆಲ್ಲ ಕುಳಿತು ಮಾತನಾಡುತ್ತಿದ್ದುದು ಈ ಊರಿನ 18ನೆಯ ಕುಳಿಯ ಬಗ್ಗೆ.

ರೈಲು ಇಳಿದು ಸಮುದ್ರದ ಕಡೆಗೆ ನಡೆದರೆ ಮೈದಾನ ಸಿಗುತ್ತದೆ. ಬ್ಯಾರಿ ಬರ್ನ್ ಎಂಬ ತೊರೆ ಅಲ್ಲಿ ಹಾವಿನ ಹಾಗೆ ಮಡಿಚಿಕೊಂಡು ಕೊನೆಯ ಎರಡು ಕುಳಿಗಳಿಗೆ ಅಡ್ಡಡ್ಡ ಹರಿಯುತ್ತದೆ. ನೀರು ಹೆಚ್ಚಿಲ್ಲ, ದಡಕ್ಕೆ ಕಲ್ಲುಗೋಡೆ ಕಟ್ಟಿದ್ದಾರೆ. 1999ರಲ್ಲಿ ಇಲ್ಲಿ ನಡೆದ ಓಪನ್‌ನ ಕೊನೆಯ ದಿನ, ಜುಲೈ 18ರ ಸಂಜೆ, ಫ್ರಾನ್ಸಿನ ಝಾನ್ ವಾನ್ ಡೆ ವೆಲ್ಡ್ ಷೂ, ಕಾಲುಚೀಲ ಕಳಚಿ ಪ್ಯಾಂಟು ಮಡಿಚಿಕೊಂಡು ನಿಂತದ್ದು ಈ ನೀರಿನಲ್ಲಿ. ಕೊನೆಯ ಕುಳಿಗೆ ಬಂದಾಗ ಅವನಿಗೆ ಮೂರು ಹೊಡೆತಗಳ ಮುನ್ನಡೆಯಿತ್ತು. ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ ಕುಳಿಯನ್ನು ಆರರಲ್ಲಿ ಮುಗಿಸಿದ್ದರೂ ಪ್ರಶಸ್ತಿ ಅವನದೇ. ಮೊದಲ ಹೊಡೆತ ಬಲಕ್ಕೆ ಹೋಯಿತು. ಎರಡನೆಯದು ಪ್ರೇಕ್ಷಕರ ಅಟ್ಟಣೆಗೆ ಬಡಿದು, ತೊರೆಯ ಕಲ್ಲುಗೋಡೆಯ ಮೇಲೆ ಪುಟಿದು, ಹಿಂದಕ್ಕೆ ಹಾರಿ ಎತ್ತರದ ಹುಲ್ಲಿಗೆ ಬಿತ್ತು. ಮೂರನೆಯದು ತೊರೆಗೆ. ನೀರಿನೊಳಗಿಂದಲೇ ಹೊಡೆಯಲು ಇಳಿದವನು ಮನಸ್ಸು ಬದಲಿಸಿ, ದಂಡದ ಹೊಡೆತ ಒಪ್ಪಿಕೊಂಡು ಚೆಂಡನ್ನು ಹೊರಗೆ ಇಟ್ಟುಕೊಂಡ. ಐದನೆಯದು ಮರಳಿನ ಬಂಕರ್‌ಗೆ. ಅಲ್ಲಿಂದ ಹೊರಬಂದು ಪಟ್ ಹಾಕಿ, ಅಂದರೆ ಚೆಂಡನ್ನು ಕುಳಿಗೆ ಉರುಳಿಸಿ ಮುಗಿಸಿದಾಗ ಲೆಕ್ಕ ಏಳಕ್ಕೆ ನಿಂತಿತ್ತು.

ಈ ಏಳು ಹೊಡೆತಗಳ ಕಥೆ ಜಗತ್ತಿಗೇ ಗೊತ್ತು. ಆ ದಿನ ಗೆದ್ದವನ ಹೆಸರು ಕೇಳಿದರೆ ಮಾತ್ರ ಬಹಳ ಜನ ತಡವರಿಸುತ್ತಾರೆ. ಅದು ನನಗೆ ಆಗಲೂ ನೋವಿನ ಸಂಗತಿ, ಈಗಲೂ. ಗೆದ್ದವನು ಪಾಲ್ ಲಾರಿ, ಇಲ್ಲಿಂದ ಉತ್ತರಕ್ಕಿರುವ ಅಬರ್ಡೀನ್‌ನವನು. ಆಗ ವಿಶ್ವ ರ‍್ಯಾಂಕಿಂಗ್‌ನಲ್ಲಿ 159ನೆಯ ಸ್ಥಾನದಲ್ಲಿದ್ದು, ಅರ್ಹತಾ ಸುತ್ತು ಆಡಿ ಪ್ರವೇಶ ಪಡೆದಿದ್ದ. ಕೊನೆಯ ದಿನ ಬೆಳಿಗ್ಗೆ ವಾನ್ ಡೆ ವೆಲ್ಡ್‌ಗಿಂತ ಹತ್ತು ಹೊಡೆತ ಹಿಂದಿದ್ದ. ಆ ವಾರ ಕಾರ್ನುಸ್ಟಿ ಎಷ್ಟು ಕ್ರೂರವಾಗಿತ್ತೆಂದರೆ ನಾಲ್ಕು ದಿನದ ಮೊತ್ತ ಪಾರ್‌ಗಿಂತ (ನಿಗದಿತ ಹೊಡೆತಗಳ ಸಂಖ್ಯೆಗಿಂತ) ಆರು ಹೆಚ್ಚಾದವರು ಮೊದಲ ಸ್ಥಾನದಲ್ಲಿ ಸಮನಾದರು. ಅಂಥ ಮೈದಾನದಲ್ಲಿ ಲಾರಿ ಭಾನುವಾರ 67 ಹೊಡೆದು, ಬಹಳ ಹೊತ್ತಿಗೆ ಮೊದಲೇ ಮುಗಿಸಿ ಕಾಯುತ್ತಿದ್ದ. ವಾನ್ ಡೆ ವೆಲ್ಡ್ ಮತ್ತು ಅಮೆರಿಕದ ಜಸ್ಟಿನ್ ಲೆನರ್ಡ್ ಜೊತೆಗಿನ ನಾಲ್ಕು ಹೆಚ್ಚುವರಿ ಕುಳಿಗಳ ಪ್ಲೇಆಫ್‌ನಲ್ಲಿ ಲಾರಿ 17 ಮತ್ತು 18ನ್ನು ಬರ್ಡಿ ಮಾಡಿ (ನಿಗದಿಗಿಂತ ಒಂದು ಕಡಿಮೆ ಹೊಡೆತದಲ್ಲಿ ಮುಗಿಸಿ) ಮೂರು ಹೊಡೆತಗಳಿಂದ ಗೆದ್ದ. ಪ್ರಮುಖ ಟೂರ್ನಿಗಳ ಇತಿಹಾಸದಲ್ಲಿ ಕೊನೆಯ ದಿನ ಇಷ್ಟು ಹಿಂದಿನಿಂದ ಬಂದು ಗೆದ್ದವರು ಬೇರೆ ಯಾರೂ ಇಲ್ಲ.

ತೊರೆಯ ಪಕ್ಕದಲ್ಲಿ ನಿಂತು ನಾನು ಲೆಕ್ಕ ಹಾಕುತ್ತಿದ್ದೆ. ಹಿಂದಿದ್ದವನು ಗೆಲ್ಲುವುದಕ್ಕೆ ಎರಡು ದಾರಿ. ಮುಂದಿದ್ದವನು ಕೆಳಗೆ ಬೀಳಬೇಕು, ಇಲ್ಲವೇ ಹಿಂದಿದ್ದವನು ಮೇಲೆ ಹತ್ತಬೇಕು. ಕಾರ್ನುಸ್ಟಿಯಲ್ಲಿ ಎರಡೂ ನಡೆದವು. ಜನಕ್ಕೆ ಬೀಳುವುದಷ್ಟೇ ನೆನಪಿದೆ.

ಗುರುವಾರ, ಜುಲೈ 14. ಮೊದಲ ಸುತ್ತು

ಸ್ಕಾಟ್ಲೆಂಡಿನ ಜುಲೈನಲ್ಲಿ ಬೆಳಿಗ್ಗೆ ಐದಕ್ಕೆ ಮೊದಲೇ ಸೂರ್ಯ ಮೇಲಿರುತ್ತಾನೆ. ಭಾವ ಟೇ ಸೇತುವೆ ದಾಟಿಸಿ ಕಾರಿನಲ್ಲಿ ಬಿಟ್ಟರು. ಸೇಂಟ್ ಆಂಡ್ರೂಸ್‌ಗೆ ರೈಲು ನಿಲ್ದಾಣವಿಲ್ಲ, ಹತ್ತಿರದ ನಿಲ್ದಾಣ ಲ್ಯೂಕರ್ಸ್. ನಾನು ಅಷ್ಟು ಬೇಗ ಹೋಗಲು ಕಾರಣವಿತ್ತು. 6.35ಕ್ಕೆ ಚಾಂಪಿಯನ್‌ಷಿಪ್‌ನ ಮೊಟ್ಟಮೊದಲ ಚೆಂಡನ್ನು ಹೊಡೆಯುವ ಗೌರವ ಸಿಕ್ಕಿದ್ದು ಪಾಲ್ ಲಾರಿಗೆ. 53 ವರ್ಷದ ಆತ ಮೊದಲ ಹೊಡೆತದ ಜಾಗವಾದ ಟೀ ಮೇಲೆ ಚೆಂಡಿಟ್ಟಾಗ ಅಟ್ಟಣೆ ಆಗಲೇ ತುಂಬಿತ್ತು. ಹೆಸರು ಕೂಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಅಂಗೈ ಉರಿಯುವಷ್ಟು.

ಓಲ್ಡ್ ಕೋರ್ಸ್ ಎಂಬ ಈ ಮೈದಾನವನ್ನು ಟಿವಿಯಲ್ಲಿ ನೋಡಿ ಅಂದಾಜು ಮಾಡಲಾಗದು. ಊರಿನ ನಡುವಿನಿಂದಲೇ ಅದು ಹೊರಡುತ್ತದೆ. ಮೊದಲ ಕುಳಿಯದೂ ಕೊನೆಯ ಕುಳಿಯದೂ ಒಂದೇ ಬಯಲು, ಅದರ ಅಂಚಿಗೇ ಮನೆ, ಅಂಗಡಿ, ಹೋಟೆಲು. ಇದು ಸಾರ್ವಜನಿಕ ನೆಲ. ಸಾಮಾನ್ಯ ಭಾನುವಾರಗಳಲ್ಲಿ ಇಲ್ಲಿ ಆಟವೇ ಇರುವುದಿಲ್ಲ, ಊರಿನವರು ನಾಯಿ ಕರೆದುಕೊಂಡು ಮಕ್ಕಳೊಂದಿಗೆ ಓಡಾಡುತ್ತಾರೆ. ಸಮುದ್ರದ ಕಡೆಗೆ ಸಾಗುತ್ತಾ ಕೊಕ್ಕೆಯಂತೆ ತಿರುಗಿ ಮೈದಾನ ಮತ್ತೆ ಊರಿಗೆ ಮರಳುತ್ತದೆ. ಹೋಗುವ ಕುಳಿಗೂ ಬರುವ ಕುಳಿಗೂ ಒಂದೇ ಗ್ರೀನ್, ಅಂದರೆ ಕುಳಿಯ ಸುತ್ತಲಿನ ನುಣುಪಾದ ಹುಲ್ಲುಹಾಸು. ಅಂಥ ಜೋಡಿ ಗ್ರೀನ್‌ಗಳು ಏಳು. ಎರಡನೆಯದು 16ರೊಂದಿಗೆ, ಮೂರನೆಯದು 15ರೊಂದಿಗೆ, ಹೀಗೆ ಯಾವ ಜೋಡಿಯ ಸಂಖ್ಯೆ ಕೂಡಿದರೂ 18 ಬರುತ್ತದೆ. ಇದನ್ನು ನಾನು ಹುಡುಗನಾಗಿದ್ದಾಗ ಬಾಯಿಪಾಠ ಮಾಡಿದ್ದೆ. ಕಣ್ಣಾರೆ ನೋಡಿದಾಗ ತಿಳಿದದ್ದು ಅವುಗಳ ಅಳತೆ. ಒಂದೊಂದೂ ಎಷ್ಟು ವಿಶಾಲವೆಂದರೆ ಚೆಂಡು ಗ್ರೀನ್ ಮೇಲೆ ಬಿದ್ದರೂ ಕುಳಿ ಮೂವತ್ತು ಹೆಜ್ಜೆ ದೂರ ಇರಬಹುದು. ಈ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಭಾನುವಾರ ಎಲ್ಲವೂ ಇದರ ಮೇಲೆಯೇ ನಿಂತಿತ್ತು.

ನೆಲ ಒಣಗಿ ಗಟ್ಟಿಯಾಗಿತ್ತು, ಹುಲ್ಲು ಹಳದಿಗೆ ತಿರುಗಿತ್ತು. ಬಿದ್ದ ಚೆಂಡು ನಿಲ್ಲದೆ ಉರುಳುತ್ತಿತ್ತು. ಜೋಡಿ ಗ್ರೀನ್‌ಗಳಲ್ಲಿ ಒಬ್ಬರಿಗೊಬ್ಬರು ಕಾಯುತ್ತಾ ಆಟ ನಿಧಾನವಾಯಿತು, ಒಂದು ಸುತ್ತಿಗೆ ಆರು ಗಂಟೆಗಿಂತ ಹೆಚ್ಚು ಹಿಡಿಯಿತು. ಅಮೆರಿಕದ ಕ್ಯಾಮರಾನ್ ಯಂಗ್ 64 ಹೊಡೆದು ಮೊದಲ ಸ್ಥಾನಕ್ಕೆ ಹೋದ. ಉತ್ತರ ಐರ್ಲೆಂಡಿನ ರೋರಿ ಮೆಕಿಲ್‌ರಾಯ್ ಮೊದಲ ಗ್ರೀನ್‌ನಲ್ಲೇ ಬಲು ದೂರದಿಂದ ಪಟ್ ಹಾಕಿ, 66ರಲ್ಲಿ ಮುಗಿಸಿದ. ಆಸ್ಟ್ರೇಲಿಯಾದ ಕ್ಯಾಮರಾನ್ ಸ್ಮಿತ್‌ನದು 67.

ಸ್ಮಿತ್ ಬಗ್ಗೆ ನನಗೆ ಒಂದು ತಕರಾರಿತ್ತು. ಆ ವರ್ಷದ ಮಾರ್ಚ್‌ನಲ್ಲಿ ಅಮೆರಿಕದ ಪ್ಲೇಯರ್ಸ್ ಚಾಂಪಿಯನ್‌ಷಿಪ್‌ನಲ್ಲಿ ನಮ್ಮ ಅನಿರ್ಬನ್ ಲಾಹಿರಿಯನ್ನು ಒಂದೇ ಒಂದು ಹೊಡೆತದಿಂದ ಎರಡನೆಯ ಸ್ಥಾನಕ್ಕೆ ತಳ್ಳಿದವನು ಅವನೇ. ಲಾಹಿರಿ ಬೆಂಗಳೂರಿನಲ್ಲಿ ನೆಲೆಸಿ ಬೆಳೆದ ಆಟಗಾರ. ಭಾರತದವನೊಬ್ಬ ಅಷ್ಟು ದೊಡ್ಡ ಟೂರ್ನಿಯನ್ನು ಗೆಲ್ಲುವ ಹತ್ತಿರಕ್ಕೆ ಬಂದು ನಿಂತದ್ದನ್ನು ನಾನು ರಾತ್ರಿ ನಿದ್ದೆಗೆಟ್ಟು ನೋಡಿದ್ದೆ. ಹಾಗಾಗಿ ಈ ವಾರ ನನ್ನ ಒಲವೆಲ್ಲ ರೋರಿಯ ಕಡೆಗಿತ್ತು. ನನ್ನದು ಮಾತ್ರವಲ್ಲ, ಇಡೀ ಊರಿನದು. 2014ರ ನಂತರ ಅವನು ಒಂದೂ ಪ್ರಮುಖ ಟೂರ್ನಿ ಗೆದ್ದಿರಲಿಲ್ಲ. 2010ರಲ್ಲಿ ಇದೇ ಮೈದಾನದಲ್ಲಿ ಮೊದಲ ದಿನ 63 ಹೊಡೆದು ಮರುದಿನ ಗಾಳಿಯಲ್ಲಿ 80 ಮಾಡಿಕೊಂಡಿದ್ದ. 2015ರಲ್ಲಿ ಇಲ್ಲಿಗೆ ಬರುವ ಮೊದಲೇ ಫುಟ್‌ಬಾಲ್ ಆಡುವಾಗ ಪಾದದ ಕೀಲು ಪೆಟ್ಟಾಗಿ ಬರಲಾಗಿರಲಿಲ್ಲ.

ಶುಕ್ರವಾರ, ಜುಲೈ 15. ಎರಡನೆಯ ಸುತ್ತು

ಈ ದಿನ ಟೈಗರ್ ವುಡ್ಸ್‌ನದು. ಅಂಕಗಳ ಲೆಕ್ಕದಲ್ಲಿ ಅವನು ಮುಗಿದುಹೋಗಿದ್ದ: 78, ನಂತರ 75, ಶನಿವಾರಕ್ಕೆ ಉಳಿಯಲಿಲ್ಲ. ಹಿಂದಿನ ವರ್ಷದ ಕಾರು ಅಪಘಾತದಲ್ಲಿ ನುಚ್ಚುನೂರಾದ ಬಲಗಾಲಿನಲ್ಲಿ ಅವನು 36 ಕುಳಿಗಳನ್ನು ನಡೆದ. ಕೊನೆಯ ಕುಳಿಯಲ್ಲಿ ಸ್ವಿಲ್ಕನ್ ತೊರೆಯ ಸಣ್ಣ ಕಲ್ಲುಸೇತುವೆ ದಾಟಿ ಬರುವಾಗ ಅವನ ಕಣ್ಣಲ್ಲಿ ನೀರಿತ್ತು. ಅದೇ ಹೊತ್ತಿಗೆ ಪಕ್ಕದ ಮೊದಲ ಕುಳಿಯಲ್ಲಿ ತನ್ನ ಸುತ್ತು ಆರಂಭಿಸಿದ್ದ ರೋರಿ, ದೂರದಿಂದಲೇ ಟೋಪಿ ತೆಗೆದು ವಂದಿಸಿದ. ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು ಅಳುತ್ತಿದ್ದರು. 2000 ಮತ್ತು 2005ರಲ್ಲಿ ವುಡ್ಸ್ ಇಲ್ಲಿ ಗೆದ್ದಾಗ ಎರಡು ಸಲವೂ ಇದ್ದವರಂತೆ.

ಈ ಗದ್ದಲದ ನಡುವೆ ಸ್ಮಿತ್ 64 ಹೊಡೆದದ್ದು ಹೆಚ್ಚು ಜನರ ಗಮನಕ್ಕೇ ಬರಲಿಲ್ಲ. 14ನೆಯ ಕುಳಿಯಲ್ಲಿ ಗ್ರೀನ್‌ನ ಒಂದು ತುದಿಯಿಂದ ಹಾಕಿದ ಪಟ್ ಒಳಗೆ ಇಳಿದು ಈಗಲ್ (ನಿಗದಿಗಿಂತ ಎರಡು ಕಡಿಮೆ) ಆಯಿತು. ದಿನದ ಕೊನೆಗೆ ಪಾರ್‌ಗಿಂತ 13 ಕಡಿಮೆ, ಎರಡು ಹೊಡೆತ ಮುಂದೆ. ರೋರಿ 10 ಕಡಿಮೆ.

ಮಧ್ಯಾಹ್ನ ಸ್ವಲ್ಪ ಹೊತ್ತು ಜನಜಂಗುಳಿ ಬಿಟ್ಟು ಊರಿನ ಪೂರ್ವಕ್ಕಿರುವ ಹಾಳುಬಿದ್ದ ಕೆಥೆಡ್ರಲ್‌ಗೆ ಹೋದೆ. ಅದರ ಸ್ಮಶಾನದಲ್ಲಿ ಟಾಮ್ ಮಾರಿಸ್ ಮತ್ತು ಅವನ ಮಗ ಇದ್ದಾರೆ. 1860ರಲ್ಲಿ ಪ್ರೆಸ್ಟ್‌ವಿಕ್‌ನಲ್ಲಿ ಎಂಟು ಮಂದಿ ಸೇರಿ ಮೊದಲ ಓಪನ್ ಆಡಿದಾಗ ಅಪ್ಪ ಎರಡನೆಯವನಾಗಿದ್ದ. ಮುಂದೆ ಅಪ್ಪ ನಾಲ್ಕು ಸಲ ಗೆದ್ದ, ಮಗನೂ ನಾಲ್ಕು ಸಲ ಗೆದ್ದ. ಮಗ 1875ರ ಕ್ರಿಸ್ಮಸ್ ದಿನ 24ರ ವಯಸ್ಸಿನಲ್ಲಿ ತೀರಿಕೊಂಡ. ಅಪ್ಪ 1908ರವರೆಗೂ ಬದುಕಿದ್ದ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ, ಅಂದರೆ ಈ ಹುಡುಗನನ್ನು ಮಣ್ಣು ಮಾಡಿದ ಮಾರನೆಯ ವರ್ಷ. ನಾನು ಬ್ಯಾಗು ಹೊತ್ತ ನೆಲ ಅದೇ. ಸಮಾಧಿಯ ಮುಂದೆ ಬಹಳ ಹೊತ್ತು ನಿಂತಿದ್ದೆ. ಹಿರಿಯ ಮಾರಿಸ್ ಚೆಂಡು ತಯಾರಿಸುತ್ತಿದ್ದವನು, ಕ್ಯಾಡಿ ಕೆಲಸ ಮಾಡಿದವನು, ಮೈದಾನದ ಹುಲ್ಲು ನೋಡಿಕೊಂಡವನು. ನಮ್ಮ ಕಸುಬಿನವನು.

ಶನಿವಾರ, ಜುಲೈ 16. ಮೂರನೆಯ ಸುತ್ತು

ಹತ್ತನೆಯ ಕುಳಿಯ ಹತ್ತಿರ ಜಾಗ ಹಿಡಿದು ಕುಳಿತಿದ್ದೆ. ರೋರಿಯ ಚೆಂಡು ಗ್ರೀನ್ ಮುಂದಿನ ಬಂಕರ್‌ಗೆ ಬಿದ್ದಿತ್ತು. ಇಲ್ಲಿನ ಬಂಕರ್‌ಗಳು ನಮ್ಮ ಕಡೆಯ ಹರವಾದ ಮರಳುಗುಂಡಿಗಳಲ್ಲ. ಹುಲ್ಲುಹೆಂಟೆಗಳನ್ನು ಇಟ್ಟಿಗೆಯಂತೆ ಒಂದರ ಮೇಲೊಂದು ಜೋಡಿಸಿ ಕಟ್ಟಿದ ಕಡಿದಾದ ಗೋಡೆಯ ಗುಂಡಿಗಳು. ಒಳಗಿದ್ದವನ ಭುಜ ಮತ್ತು ತಲೆ ಮಾತ್ರ ನನಗೆ ಕಾಣುತ್ತಿತ್ತು. ಮರಳು ಚಿಮ್ಮಿತು, ಚೆಂಡು ಗ್ರೀನ್ ಮೇಲೆ ಬಿದ್ದು ಉರುಳತೊಡಗಿತು. ಗ್ರೀನ್‌ನ ಆಚೆ ಬದಿಯ ಜನ ನಮಗಿಂತ ಮೊದಲೇ ಎದ್ದರು. ಚೆಂಡು ಕುಳಿಯೊಳಗೆ ಹೋಯಿತು, ಈಗಲ್. ಆ ಕೂಗು ನನ್ನ ಎದೆಗೆ ತಾಗಿತು. ಹಲವು ವರ್ಷ ಮೈದಾನದಲ್ಲಿ ಕಳೆದಿದ್ದರೂ ಅಂಥ ಸದ್ದನ್ನು ನಾನು ಕೇಳಿರಲಿಲ್ಲ.

ಅದಾದ ಮೇಲೆ ಸ್ಮಿತ್‌ನ ಹಿಂದೆ ಹೋದೆ. ಅವನ ದಿನ ಕೆಟ್ಟಿತ್ತು. 13ನೆಯ ಕುಳಿಯಲ್ಲಿ ಚೆಂಡು ಬಂಕರ್‌ನ ಅಂಚಿನ ಮೇಲೆ ನಿಂತಿತ್ತು. ಅವನ ಕಾಲು ಬಂಕರ್‌ನೊಳಗೆ, ಚೆಂಡು ಹೊರಗೆ. ಸುಮ್ಮನೆ ಪಕ್ಕಕ್ಕೆ ತಳ್ಳಬಹುದಿತ್ತು. ಅವನು ಗ್ರೀನ್‌ಗೇ ಗುರಿಯಿಟ್ಟ. ಚೆಂಡು ಮುಳ್ಳುಪೊದೆಗೆ ಹೋಗಿ ಡಬಲ್ ಬೋಗಿ (ನಿಗದಿಗಿಂತ ಎರಡು ಹೆಚ್ಚು) ಆಯಿತು. ಒಟ್ಟು 73. ರೋರಿ ಮತ್ತು ನಾರ್ವೆಯ ವಿಕ್ಟರ್ ಹೋವ್‌ಲ್ಯಾಂಡ್ ಇಬ್ಬರೂ 66 ಹೊಡೆದು ಪಾರ್‌ಗಿಂತ 16 ಕಡಿಮೆಯಲ್ಲಿ ಸಮನಾಗಿ ನಿಂತರು. ಸ್ಮಿತ್ ಮತ್ತು ಯಂಗ್ 12 ಕಡಿಮೆ. ನಾಲ್ಕು ಹೊಡೆತಗಳ ಅಂತರ.

ಕ್ಯಾಡಿಯಾಗಿದ್ದವನಿಗೆ ಆಟಗಾರನಷ್ಟೇ ಅವನ ಬ್ಯಾಗು ಹೊತ್ತವನ ಮೇಲೂ ಕಣ್ಣು ಹೋಗುತ್ತದೆ. ಸ್ಮಿತ್‌ನ ಕ್ಯಾಡಿ ನ್ಯೂಜಿಲೆಂಡಿನ ಸ್ಯಾಮ್ ಪಿನ್‌ಫೋಲ್ಡ್. ಡಬಲ್ ಬೋಗಿಯ ನಂತರ 14ನೆಯ ಟೀ ಕಡೆಗೆ ನಡೆಯುವಾಗ ಆತ ಏನೋ ಹೇಳಿದ, ಸ್ಮಿತ್ ತಲೆಯಾಡಿಸಿದ. ಇಬ್ಬರ ನಡಿಗೆಯ ವೇಗ ಬದಲಾಗಲಿಲ್ಲ. ಕೋಪಗೊಂಡ ಆಟಗಾರ ಕ್ಯಾಡಿಯನ್ನು ಬಿಟ್ಟು ಮುಂದೆ ನಡೆಯುತ್ತಾನೆ. ಅದು ನಾನು ಹೈಗ್ರೌಂಡ್ಸ್‌ನಲ್ಲಿ ಕಲಿತ ಗುರುತು. ಇವರಿಬ್ಬರು ಜೊತೆಯಲ್ಲೇ ನಡೆದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯವಳಾದಾಗ ಅವಳ ಬ್ಯಾಗು ಹೊತ್ತದ್ದು ಅವಳ ತಾಯಿ. ಅವರಿಬ್ಬರೂ ಹೀಗೆಯೇ ಹೆಜ್ಜೆಗೆ ಹೆಜ್ಜೆ ಹಾಕುತ್ತಿದ್ದುದನ್ನು ಟಿವಿಯಲ್ಲಿ ನೋಡಿದ್ದೆ.

ರಾತ್ರಿ ಊಟಕ್ಕೆ ಕುಳಿತಾಗ ಅಕ್ಕ ಕೇಳಿದಳು, "ನಾಳೆ ರೋರಿ ಗೆದ್ದುಬಿಡುತ್ತಾನಲ್ಲ?"

"ಎಲ್ಲರೂ ಹಾಗೇ ಹೇಳುತ್ತಿದ್ದಾರೆ ಅಕ್ಕ."

"ನೀನು ಏನು ಹೇಳುತ್ತೀಯ?"

"ಅವನೇ ಗೆಲ್ಲಲಿ ಎಂದು ಹೇಳುತ್ತೇನೆ," ಎಂದೆ. ನಿಜಕ್ಕೂ ಅಷ್ಟೇ ಹೇಳಬಲ್ಲವನಾಗಿದ್ದೆ.

ಭಾನುವಾರ, ಜುಲೈ 17. ಕೊನೆಯ ಸುತ್ತು

ಈ ಸಲ ಭಾವನೂ ಬಂದರು. ಕ್ರಿಕೆಟ್ ಬಿಟ್ಟು ಬೇರೆ ಆಟವನ್ನು ನೋಡದವರು. ದಾರಿಯುದ್ದಕ್ಕೂ ನಿಯಮ ಹೇಳಿಕೊಟ್ಟೆ: ಕಡಿಮೆ ಹೊಡೆದವನು ಗೆದ್ದ, ಪಾರ್ ಎಂದರೆ ನಿಗದಿ, ಒಂದು ಕಡಿಮೆಯಾದರೆ ಬರ್ಡಿ, ಎರಡು ಕಡಿಮೆಯಾದರೆ ಈಗಲ್, ಒಂದು ಹೆಚ್ಚಾದರೆ ಬೋಗಿ. ಬಿಸಿಲು ಚೆನ್ನಾಗಿತ್ತು, ಗಾಳಿ ಇದ್ದೂ ಇಲ್ಲದಂತಿತ್ತು. ಆ ವಾರ ಒಟ್ಟು 2,90,000 ಜನ ಬಂದಿದ್ದರೆಂದು ಆಮೇಲೆ ಪ್ರಕಟಿಸಿದರು, ಓಪನ್ ಇತಿಹಾಸದಲ್ಲೇ ಹೆಚ್ಚು. ನನಗೆ ಅವರೆಲ್ಲ ಅಂದು ಒಂದೇ ದಿನ ಬಂದಂತೆ ಕಂಡಿತು.

ಕೊನೆಯ ಜೋಡಿ ರೋರಿ ಮತ್ತು ಹೋವ್‌ಲ್ಯಾಂಡ್. ಅವರ ಮುಂದಿನ ಜೋಡಿ ಸ್ಮಿತ್ ಮತ್ತು ಯಂಗ್. ಜನಸಾಗರ ಕೊನೆಯ ಜೋಡಿಯ ಸುತ್ತ ಇದ್ದುದರಿಂದ ಮುಂದಿನ ಜೋಡಿಯನ್ನು ಹಗ್ಗದ ಪಕ್ಕದಲ್ಲೇ ಹಿಂಬಾಲಿಸುವುದು ಸಾಧ್ಯವಿತ್ತು. ಭಾವನನ್ನು ಆ ಕಡೆಗೇ ಕರೆದುಕೊಂಡು ಹೋದೆ. ಮೊದಲ ಒಂಬತ್ತು ಕುಳಿಗಳಲ್ಲಿ ಹೇಳಿಕೊಳ್ಳುವಂಥದ್ದು ನಡೆಯಲಿಲ್ಲ. ಸ್ಮಿತ್‌ಗೆ ಎರಡನೆಯದರಲ್ಲಿ ಮತ್ತು ಐದನೆಯದರಲ್ಲಿ ಬರ್ಡಿ, ರೋರಿಗೆ ಐದನೆಯದರಲ್ಲಿ. ಹೋವ್‌ಲ್ಯಾಂಡ್ ಮೆಲ್ಲಗೆ ಹಿಂದೆ ಸರಿಯುತ್ತಿದ್ದ. ಅರ್ಧ ದಾರಿಗೆ ರೋರಿ ಪಾರ್‌ಗಿಂತ 17 ಕಡಿಮೆ, ಸ್ಮಿತ್ 14. ಭಾವ ಗಡಿಯಾರ ನೋಡತೊಡಗಿದ್ದರು.

ಹತ್ತನೆಯ ಕುಳಿಯಲ್ಲಿ ಸ್ಮಿತ್ ಬರ್ಡಿ ಮಾಡಿದ. ಹಿಂದೆಯೇ ಬಂದ ರೋರಿಯೂ ಅಲ್ಲಿ ಬರ್ಡಿ ಮಾಡಿದ, ಆ ಕೂಗು ನಮಗೆ ಕೇಳಿಸಿತು. ಅಂತರ ಮತ್ತೆ ಮೂರು. ಹನ್ನೊಂದನೆಯದು ಉದ್ದ ಕಡಿಮೆಯ ಕುಳಿ, ಟೀಯಿಂದ ನೇರ ಗ್ರೀನ್‌ಗೇ ಹೊಡೆಯಬೇಕು. ಮುಂದೆ ಆಳದ ಬಂಕರ್‌ಗಳು, ಗ್ರೀನ್ ನಮ್ಮ ಕಡೆಗೆ ಇಳಿಜಾರು. ಅಲ್ಲೂ ಸ್ಮಿತ್ ಪಟ್ ಒಳಗೆ ಹಾಕಿದ. ಹನ್ನೆರಡರಲ್ಲೂ ಹಾಕಿದ.

ಅಲ್ಲಿಂದ ಮುಂದೆ ನಾನು ಚೆಂಡಿಗಿಂತ ಹೆಚ್ಚಾಗಿ ಅವನನ್ನೇ ನೋಡಿದೆ. ಪಟ್ ಹಾಕುವ ಮೊದಲು ಬಹುತೇಕರು ಚೆಂಡಿನ ಮೇಲೆ ಬಾಗಿ ನಿಂತು ಹೆಪ್ಪುಗಟ್ಟುತ್ತಾರೆ, ಅನುಮಾನ ನುಗ್ಗುವುದು ಆ ಕ್ಷಣದಲ್ಲಿ. ಸ್ಮಿತ್ ಗ್ರೀನ್‌ನ ಇಳಿಜಾರು ಓದುತ್ತಾನೆ, ಬಂದು ನಿಲ್ಲುತ್ತಾನೆ, ಕುಳಿಯನ್ನು ಒಮ್ಮೆ ನೋಡುತ್ತಾನೆ, ಹೊಡೆದುಬಿಡುತ್ತಾನೆ. ಹಿಂದಿನ ದಿನ 73 ಹೊಡೆದಾಗಲೂ ಹಾಗೇ ಹೊಡೆದಿದ್ದ. ಪಟ್‌ನಲ್ಲಿ ದಿಕ್ಕಿಗಿಂತ ವೇಗ ದೊಡ್ಡದು ಎಂದು ನಮ್ಮ ಹಿರಿಯ ಕ್ಯಾಡಿಗಳು ಹೇಳುತ್ತಿದ್ದರು. ಕುಳಿ ತಲುಪದ ಚೆಂಡಿಗೆ ಕುಳಿ ಸಿಗುವುದಿಲ್ಲ. ಅಂದು ಸ್ಮಿತ್‌ನ ಚೆಂಡು ಪ್ರತಿ ಸಲವೂ ಕುಳಿ ತಲುಪುತ್ತಿತ್ತು.

13ನೆಯ ಕುಳಿ, ಹಿಂದಿನ ದಿನ ಅವನನ್ನು ಕೆಡವಿದ್ದದ್ದು. ಅಲ್ಲೂ ಬರ್ಡಿ. ಸತತ ನಾಲ್ಕು. ಹಳದಿ ಬಣ್ಣದ ದೊಡ್ಡ ಫಲಕದ ಮೇಲೆ ಅವನ ಹೆಸರಿನ ಮುಂದೆ 18 ಬಂದಾಗ ಸುತ್ತಲಿನವರು ಒಂದು ಕ್ಷಣ ಮಾತು ನಿಲ್ಲಿಸಿದರು. ರೋರಿಯದೂ 18. ಭಾವ ನನ್ನ ತೋಳು ಹಿಡಿದು, "ರೋರಿ ಎಲ್ಲಾದರೂ ತಪ್ಪು ಮಾಡಿದನೇ?" ಎಂದು ಕೇಳಿದರು. "ಇಲ್ಲ ಭಾವ, ಒಂದೂ ಇಲ್ಲ," ಎಂದೆ.

14ನೆಯದು 600 ಗಜ ಮೀರಿದ ಉದ್ದದ ಕುಳಿ. ನಡುವೆ ನರಕ ಎಂದೇ ಕರೆಯುವ ಬಂಕರ್ ಬಾಯಿ ತೆರೆದಿದೆ. ಅಲ್ಲಿ ಐದನೆಯ ಬರ್ಡಿ. 19. ಸ್ಮಿತ್ ಒಬ್ಬನೇ ಮುಂದೆ.

15 ಮತ್ತು 16ರಲ್ಲಿ ಪಾರ್. ನಾವು ಓಡುನಡಿಗೆಯಲ್ಲಿ 17ಕ್ಕೆ ಬಂದೆವು. ರಸ್ತೆಯ ಕುಳಿ ಎಂದು ಹೆಸರಾದ ಇದು 495 ಗಜ. ಮೊದಲ ಹೊಡೆತವನ್ನು ಹೋಟೆಲ್ ಆವರಣದ ಮೂಲೆಯ ಮೇಲಿಂದ, ಮುಂದೇನಿದೆಯೆಂದು ಕಾಣದೆ ಹೊಡೆಯಬೇಕು. ಗ್ರೀನ್‌ನ ಹಿಂದೆ ಡಾಂಬರು ರಸ್ತೆ, ಅದರ ಹಿಂದೆ ಕಲ್ಲುಗೋಡೆ. ಮುಂದೆ ಗ್ರೀನ್‌ನ ಹೊಟ್ಟೆಯನ್ನು ಕೊರೆದಂತೆ ಆಳವಾದ ಬಂಕರ್. ಈ ಗುಂಡಿಯೊಳಗೆ ಎಷ್ಟೋ ಓಪನ್‌ಗಳು ಸತ್ತಿವೆ. ಸ್ಮಿತ್‌ನ ಎರಡನೆಯ ಹೊಡೆತ ಗ್ರೀನ್ ತಲುಪದೆ ಎಡಗಡೆ ಕೆಳಗೆ ನಿಂತಿತು. ಚೆಂಡಿಗೂ ಕುಳಿಗೂ ನಡುವೆ ನೇರವಾಗಿ ಆ ಬಂಕರ್. ಮೇಲಿಂದ ಎತ್ತಿ ಹಾಕಿದರೆ ಗಟ್ಟಿ ನೆಲದಲ್ಲಿ ಚೆಂಡು ರಸ್ತೆಗೆ ಓಡುವ ಭಯ. ಸ್ಮಿತ್ ಚೆಂಡನ್ನು ಉರುಳಿಸುವ ಕೋಲಾದ ಪಟರ್ ತೆಗೆದ.

ಇದೇ ನನ್ನ ಮಟ್ಟಿಗೆ ಆ ಚಾಂಪಿಯನ್‌ಷಿಪ್‌ನ ಹೊಡೆತ. ಐದು ಬರ್ಡಿಗಳಿಗಿಂತ ಮಿಗಿಲು. ಶನಿವಾರ 13ರಲ್ಲಿ ಅಸಾಧ್ಯವಾದ ಹೊಡೆತಕ್ಕೆ ಕೈಹಾಕಿದ್ದ ಅದೇ ಮನುಷ್ಯ ಇಲ್ಲಿ ಕುಳಿಯನ್ನು ಬಿಟ್ಟು ದೂರ ಬಲಕ್ಕೆ ಗುರಿಯಿಟ್ಟು, ಬಂಕರ್‌ನ ಅಂಚನ್ನು ಬಳಸಿ, ದಿಬ್ಬ ಹತ್ತಿಸಿ ಚೆಂಡನ್ನು ಗ್ರೀನ್ ಮೇಲಕ್ಕೆ ಉರುಳಿಸಿದ. ವೇಗ ಒಂದಿಷ್ಟು ಕಡಿಮೆಯಾಗಿದ್ದರೆ ಇಳಿಜಾರು ಅದನ್ನು ಗುಂಡಿಗೆ ಎಳೆಯುತ್ತಿತ್ತು. ಚೆಂಡು ಕುಳಿಯಿಂದ ಸುಮಾರು ಹತ್ತು ಅಡಿ ದೂರದಲ್ಲಿ ನಿಂತಿತು. ಆ ಹತ್ತು ಅಡಿಯನ್ನೂ ಅವನು ಅದೇ ರೀತಿ, ತಡಮಾಡದೆ ಹಾಕಿದ. ಪಾರ್. ಪಿನ್‌ಫೋಲ್ಡ್ ಬ್ಯಾಗನ್ನು ಹೆಗಲಿಗೇರಿಸಿ ಅವನ ಪಕ್ಕದಲ್ಲಿ ನಡೆದ.

18ರಲ್ಲಿ ಯಂಗ್ ಒಂದೇ ಹೊಡೆತಕ್ಕೆ ಗ್ರೀನ್ ತಲುಪಿ, ಪಟ್ ಹಾಕಿ ಈಗಲ್ ಮಾಡಿ 19ಕ್ಕೆ ಬಂದುಬಿಟ್ಟ. ಆ ಕೂಗು ಇಳಿಯುವ ಮೊದಲು ಸ್ಮಿತ್ ತನ್ನ ಸಣ್ಣ ಪಟ್ ಹಾಕಬೇಕಿತ್ತು. ತಪ್ಪಿದ್ದರೆ ಪ್ಲೇಆಫ್‌ನ ದಾರಿ. ಹಾಕಿದ. ಬರ್ಡಿ, ಒಟ್ಟು 20 ಕಡಿಮೆ, 268. ಸೇಂಟ್ ಆಂಡ್ರೂಸ್‌ನ ಓಪನ್‌ಗಳಲ್ಲಿ ಅಷ್ಟು ಕಡಿಮೆ ಮೊತ್ತ ಯಾರೂ ಮಾಡಿರಲಿಲ್ಲ. 2000ರಲ್ಲಿ ವುಡ್ಸ್ 269 ಮಾಡಿದ್ದ. ಅಂದಿನ ಸ್ಮಿತ್‌ನ ಸುತ್ತು 64, ಅದರಲ್ಲಿ ಕೊನೆಯ ಒಂಬತ್ತು ಕುಳಿಗಳಿಗೆ 30. ಒಂದೂ ಬೋಗಿ ಇಲ್ಲ.

ಈಗ ರೋರಿಗೆ ಕೊನೆಯ ಕುಳಿಯಲ್ಲಿ ಈಗಲ್ ಬೇಕಿತ್ತು. ಎರಡನೆಯ ಹೊಡೆತ ಕುಳಿಗೆ ಬೀಳಲಿಲ್ಲ. ಪಾರ್‌ನೊಂದಿಗೆ ಮುಗಿಸಿ ಮೂರನೆಯವನಾದ. ಜನ ಎದ್ದು ನಿಂತು ಕರತಾಡನ ಮಾಡಿದರು. ಅವನು ತಂಗಿದ್ದ ಹೋಟೆಲ್ ಕೋಣೆಯ ಕಿಟಕಿಯಿಂದ ಆ ದೊಡ್ಡ ಹಳದಿ ಫಲಕ ಕಾಣುತ್ತಿತ್ತಂತೆ. ವಾರವೆಲ್ಲ ಅದರ ತುದಿಯಲ್ಲಿ ತನ್ನ ಹೆಸರನ್ನು ಕಲ್ಪಿಸಿಕೊಳ್ಳುತ್ತಿದ್ದೆ ಎಂದು ಆಮೇಲೆ ಪತ್ರಕರ್ತರಿಗೆ ಹೇಳಿದ. ಅದನ್ನು ಓದಿ ನನಗೆ ಗಂಟಲು ಕಟ್ಟಿತು. ಅವನಿಗಾಗಿ ಇವತ್ತಿಗೂ ಸಂಕಟವಿದೆ.

ಆದರೂ ಅವನು ಸೋತ ಎಂದು ಮರುದಿನದ ಪತ್ರಿಕೆಗಳು ಬರೆದ ಧಾಟಿಯನ್ನು ನಾನು ಒಪ್ಪುವುದಿಲ್ಲ. ಅಂದು ರಾತ್ರಿ ಅಕ್ಕ ಅನ್ನ ಸಾರು ಬಡಿಸುತ್ತಿದ್ದಾಗ ಭಾವ ಇದೇ ಪ್ರಶ್ನೆ ಎತ್ತಿದರು.

"ಅವನು ಯಾವ ಕುಳಿಯಲ್ಲಿ ಕೈಬಿಟ್ಟ ಹೇಳು."

"ಯಾವುದರಲ್ಲೂ ಇಲ್ಲ ಭಾವ. 18 ಗ್ರೀನ್‌ಗಳನ್ನೂ ನಿಗದಿತ ಹೊಡೆತಗಳಲ್ಲೇ ತಲುಪಿದ. ಒಟ್ಟು 36 ಪಟ್. ಪ್ರತಿ ಗ್ರೀನ್‌ನಲ್ಲೂ ಎರಡು. ಮೂರು ಎಲ್ಲೂ ಇಲ್ಲ, ಒಂದೂ ಎಲ್ಲೂ ಇಲ್ಲ. ಒಟ್ಟು 70. ಮುನ್ನಡೆಯಲ್ಲಿದ್ದವನು ಕೊನೆಯ ದಿನ ಒಂದೂ ಬೋಗಿ ಇಲ್ಲದೆ 70 ಹೊಡೆದರೆ ಬಹಳ ವರ್ಷ ಅದು ಗೆಲ್ಲಲು ಸಾಕು."

"ಹಾಗಾದರೆ?"

"ಗ್ರೀನ್‌ಗಳು ಎಷ್ಟು ದೊಡ್ಡವು ನೋಡಿದಿರಲ್ಲ. ರೋರಿ ಸುರಕ್ಷಿತವಾದ ನಡುಭಾಗಕ್ಕೆ ಹೊಡೆದ, ಕುಳಿ ದೂರ ಉಳಿಯಿತು, ಎರಡು ಪಟ್ ಬೇಕಾಯಿತು. ಹಾಗೆ ಆಡಿದ್ದರಲ್ಲಿ ತಪ್ಪಿಲ್ಲ. ಸ್ಮಿತ್ ಹತ್ತರಿಂದ ಹದಿನಾಲ್ಕರವರೆಗೆ ಐದು ಕುಳಿಗಳಲ್ಲಿ ಐದು ಹೊಡೆತ ಉಳಿಸಿಕೊಂಡ. ಯಾರೂ ಕೊಡಲಿಲ್ಲ, ಅವನೇ ತೆಗೆದುಕೊಂಡ."

ಬುಧವಾರ ಕಾರ್ನುಸ್ಟಿಯಲ್ಲಿ ನಿಂತು ಹಾಕಿದ ಲೆಕ್ಕವನ್ನೂ ಹೇಳಿದೆ. ಅಲ್ಲಿ ಲಾರಿಯ 67ಕ್ಕೆ ಜೊತೆಯಾಗಿ ಫ್ರೆಂಚನ ಏಳು ಹೊಡೆತಗಳ ದುರಂತವೂ ಬೇಕಾಯಿತು. ಇಲ್ಲಿ ಮುಂದಿದ್ದವನು ಬೀಳಲೇ ಇಲ್ಲ. ಹತ್ತು ಹೊಡೆತಗಳಿಗಿಂತ ನಾಲ್ಕು ಚಿಕ್ಕ ಸಂಖ್ಯೆ, ನಿಜ. ಆದರೆ ನಿಂತೇ ಇರುವವನನ್ನು ದಾಟಿ ಹೋಗುವುದು ನನ್ನ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ. ಮಾರ್ಚ್‌ನಿಂದ ಸ್ಮಿತ್ ಮೇಲಿದ್ದ ತಕರಾರನ್ನು ನಾನು 17ನೆಯ ಗ್ರೀನ್ ಪಕ್ಕದಲ್ಲೇ ಕೈಬಿಟ್ಟಿದ್ದೆ. ಲಾಹಿರಿಯನ್ನು ಸೋಲಿಸಿದವನು ಎಂಥವನೆಂದು ನೋಡಿದ ಮೇಲೆ ಲಾಹಿರಿಯ ಎರಡನೆಯ ಸ್ಥಾನದ ಬೆಲೆಯೂ ನನಗೆ ಹೆಚ್ಚಾಯಿತು.

ಭಾವ ಸ್ವಲ್ಪ ಯೋಚಿಸಿ, "ಆಸ್ಟ್ರೇಲಿಯಾದವರು ಇಲ್ಲಿ ಮೊದಲೂ ಗೆದ್ದಿದ್ದಾರೆಯೇ?" ಎಂದರು. ಕ್ರಿಕೆಟ್ ಅಭಿಮಾನಿಯ ಪ್ರಶ್ನೆ. 1960ರಲ್ಲಿ ಓಪನ್‌ಗೆ ನೂರು ವರ್ಷ ತುಂಬಿದಾಗ ಇದೇ ಓಲ್ಡ್ ಕೋರ್ಸ್‌ನಲ್ಲಿ ಆಸ್ಟ್ರೇಲಿಯಾದ ಕೆಲ್ ನೇಗಲ್ ಅಮೆರಿಕದ ಆರ್ನಲ್ಡ್ ಪಾಮರ್‌ನನ್ನು ಒಂದು ಹೊಡೆತದಿಂದ ಸೋಲಿಸಿದ್ದನ್ನು ಹೇಳಿದೆ. 1993ರಲ್ಲಿ ಗ್ರೆಗ್ ನಾರ್ಮನ್ ಓಪನ್ ಗೆದ್ದ ಮೇಲೆ ಆ ದೇಶದವರಿಗೆ ಅದು ಸಿಕ್ಕಿದ್ದು ಈಗಲೇ.

"ಮುಂದಿನ ವರ್ಷ ಎಲ್ಲಿ ನಡೆಯುತ್ತದೆ?"

"ರಾಯಲ್ ಲಿವರ್‌ಪೂಲ್‌ನಲ್ಲಿ, ಹಾಯ್ಲೇಕ್ ಎಂಬ ಊರು. 2014ರಲ್ಲಿ ರೋರಿ ಓಪನ್ ಗೆದ್ದದ್ದು ಅಲ್ಲಿಯೇ."

"ಹಾಗಾದರೆ ಅದಕ್ಕೂ ಅರ್ಜಿ ಹಾಕೋಣ," ಎಂದರು ಭಾವ. "ಈ ಸಲ ಎರಡು ಟಿಕೆಟ್."